ಎಕ್ಸ್‌ಪ್ಲೋರರ್‌ನಲ್ಲಿ ಕ್ಲಿಕ್ ಮಾಡಿದ ಫೈಲ್ ನಿಮಗೆ ಬೇಕಾದ ಕಡೆಯೇ ತೆರೆಯಲಿ: ವಿಎಸ್ ಕೋಡ್ ಮತ್ತು ವಿಮ್ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಪರದೆಯ ಎಡಭಾಗದಲ್ಲಿ ಇಂಗ್ಲಿಷ್ ಪಠ್ಯ ಇರುವ ಫೈಲ್. ಬಲಭಾಗದಲ್ಲಿ ಅದರ ಕನ್ನಡ ಅನುವಾದ. ಎರಡನ್ನೂ ಸಾಲು ಸಾಲಾಗಿ ಹೋಲಿಸುತ್ತಾ ಕೆಲಸ ನಡೆದಿದೆ. ನಡುವೆ ಇನ್ಯಾವುದೋ ಫೈಲ್ ನೋಡಬೇಕಾಗುತ್ತದೆ. ಎಕ್ಸ್‌ಪ್ಲೋರರ್‌ನಲ್ಲಿ, ಅಂದರೆ ಎಡಿಟರ್‌ನ ಬದಿಯಲ್ಲಿರುವ ಫೈಲ್‌ಗಳ ಪಟ್ಟಿಯಲ್ಲಿ, ಅದರ ಮೇಲೆ ಕ್ಲಿಕ್ ಮಾಡುತ್ತೀರಿ. ಅದು ನೇರವಾಗಿ ಬಂದು ಕನ್ನಡ ಫೈಲ್‌ನ ಮೇಲೆ ಕೂರುತ್ತದೆ. ಅದನ್ನು ಮುಚ್ಚಿ, ಮತ್ತೆ ಜಾಗ ಹುಡುಕಿ, ಎಲ್ಲಿ ನಿಲ್ಲಿಸಿದ್ದೆವು ಅಂತ ನೆನಪು ಮಾಡಿಕೊಳ್ಳುವಷ್ಟರಲ್ಲಿ ಗಮನ ಚದುರಿಹೋಗಿರುತ್ತದೆ.

ಬೆಂಗಳೂರಿನಲ್ಲಿ ದಿನವಿಡೀ ಎಡಿಟರ್ ಮುಂದೆ ಕೂತು ಕೆಲಸ ಮಾಡುವವರು ಎಷ್ಟೋ ಜನ. ಅವರಲ್ಲಿ ಹಲವರು ಈ ತೊಂದರೆಯನ್ನು ಸುಮ್ನೆ ಸಹಿಸಿಕೊಳ್ಳುತ್ತಾರೆ. ಎಡಿಟರ್ ಇರೋದೇ ಹೀಗೆ ಅಂದುಕೊಳ್ಳುತ್ತಾರೆ. ಆದರೆ ಫೈಲ್ ಎಲ್ಲಿ ತೆರೆಯಬೇಕು ಅನ್ನುವುದನ್ನು ಪೂರ್ತಿಯಾಗಿ ನಾವೇ ನಿರ್ಧರಿಸಬಹುದು. ಈ ಬರಹದಲ್ಲಿ ಹೆಚ್ಚಿನ ಪಾಲು ಕೋಡ್ ಮತ್ತು ಪಠ್ಯ ತಿದ್ದುವ ಎಡಿಟರ್ ಆದ ವಿಎಸ್ ಕೋಡ್ ಬಗ್ಗೆ ಇದೆ. ಕೊನೆಯ ಹತ್ತಿರ, ಹೆಚ್ಚಾಗಿ ಕೀಬೋರ್ಡ್‌ನಿಂದಲೇ ನಡೆಸುವ ಇನ್ನೊಂದು ಎಡಿಟರ್ ವಿಮ್ ಬಗ್ಗೆಯೂ ಹೇಳಿದ್ದೇನೆ.

ಕೈಯಲ್ಲೇ ಮಾಡಿ ನೋಡುವುದಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಗೆ ಒಂದು ಪುಟ್ಟ ವೆಬ್‌ಸೈಟ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಫೋಲ್ಡರ್‌ನಲ್ಲಿ ನಾಲ್ಕು ಫೈಲ್‌ಗಳಿವೆ. ಒಂದು ಮುಖಪುಟದ ಎಚ್‌ಟಿಎಂಎಲ್. ಇನ್ನೊಂದು ಅಂದಚೆಂದದ ಸಿಎಸ್‌ಎಸ್. ಉಳಿದ ಎರಡು ಜೇಸನ್ ಫೈಲ್‌ಗಳು, ಅಂದರೆ ಪುಟದ ಪಠ್ಯವನ್ನು ಇಟ್ಟಿರುವ ಫೈಲ್‌ಗಳು. "ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆದು ಬನ್ನಿ" ಎಂಬಂಥ ಸಾಲುಗಳು ಒಂದರಲ್ಲಿ ಇಂಗ್ಲಿಷ್‌ನಲ್ಲಿ, ಇನ್ನೊಂದರಲ್ಲಿ ಕನ್ನಡದಲ್ಲಿ ಇವೆ.

ಮೊದಲು ತಿಳಿಯಬೇಕಾದ ನಿಯಮ

ವಿಎಸ್ ಕೋಡ್‌ನಲ್ಲಿ ವಿಂಡೋ ಅಂದರೆ ಇಡೀ ಕಿಟಕಿ. ಅದರೊಳಗೆ ನೀವು ಮಾಡಿಕೊಳ್ಳುವ ಭಾಗಗಳಿಗೆ ಎಡಿಟರ್ ಗ್ರೂಪ್ ಎನ್ನುತ್ತಾರೆ. ಪ್ರತಿ ಗ್ರೂಪ್‌ಗೂ ಅದರದೇ ಟ್ಯಾಬ್‌ಗಳ ಸಾಲು ಇರುತ್ತದೆ.

ಎಕ್ಸ್‌ಪ್ಲೋರರ್‌ನಲ್ಲಿ ಕ್ಲಿಕ್ ಮಾಡಿದ ಫೈಲ್ ಎಲ್ಲಿ ತೆರೆಯುತ್ತದೆ? ಕೊನೆಯ ಸಲ ನೀವು ಯಾವ ಗ್ರೂಪ್‌ನಲ್ಲಿ ಇದ್ದಿರೋ ಅಲ್ಲಿ. ಅಷ್ಟೇ. ಎಡಗಡೆಯದು ಖಾಲಿ ಇದೆಯೇ, ಬಲಗಡೆಯದು ಅಗಲ ಇದೆಯೇ ಅಂತೆಲ್ಲ ಅದು ಲೆಕ್ಕ ಹಾಕುವುದಿಲ್ಲ. ಕರ್ಸರ್ ಕೊನೆಗೆ ಕನ್ನಡ ಫೈಲ್‌ನಲ್ಲಿ ಮಿನುಗುತ್ತಿದ್ದರೆ ಹೊಸ ಫೈಲ್ ಬರುವುದೂ ಅಲ್ಲಿಗೇ.

ಇದು ಗೊತ್ತಾದರೆ ಅರ್ಧ ಸಮಸ್ಯೆ ಮುಗಿದಂತೆ. ಫೈಲ್ ತೆರೆಯುವ ಮುನ್ನ ಬೇಕಾದ ಗ್ರೂಪ್‌ಗೆ ಹೋಗಿ ಬನ್ನಿ. ಅದಕ್ಕೆ ಮೌಸ್ ಬೇಕಿಲ್ಲ. ಕಂಟ್ರೋಲ್ ಜೊತೆ 1 ಒತ್ತಿದರೆ ಮೊದಲ ಗ್ರೂಪ್, 2 ಒತ್ತಿದರೆ ಎರಡನೆಯದು, 3 ಒತ್ತಿದರೆ ಮೂರನೆಯದು. ಆಮೇಲೆ ಕಂಟ್ರೋಲ್, ಶಿಫ್ಟ್, ಇ ಮೂರನ್ನೂ ಒಟ್ಟಿಗೆ ಒತ್ತಿ. ಕೀಬೋರ್ಡ್ ಗಮನ ಎಕ್ಸ್‌ಪ್ಲೋರರ್‌ಗೆ ಬರುತ್ತದೆ. ಬಾಣದ ಕೀಗಳಿಂದ ಫೈಲ್ ಆರಿಸಿ ಎಂಟರ್ ಒತ್ತಿ. ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್. ಅಲ್ಲಿ ಎಂಟರ್ ಒತ್ತಿದರೆ ಫೈಲ್ ಹೆಸರು ಬದಲಿಸುವ ಡಬ್ಬಿ ಬರುತ್ತದೆ. ಹಾಗಾಗಿ ತೆರೆಯಲು ಕಮಾಂಡ್ ಜೊತೆ ಕೆಳಬಾಣ ಒತ್ತಬೇಕು.

ಸದ್ಯ ಯಾವ ಗ್ರೂಪ್ ಚಾಲ್ತಿಯಲ್ಲಿದೆ ಅಂತ ಗೊತ್ತಾಗುವುದು ಹೇಗೆ? ಟ್ಯಾಬ್‌ಗಳ ಹೆಸರು ನೋಡಿ. ಚಾಲ್ತಿಯಲ್ಲಿರುವ ಗ್ರೂಪ್‌ನ ಟ್ಯಾಬ್ ಹೆಸರು ಎದ್ದು ಕಾಣುತ್ತದೆ, ಉಳಿದವು ಮಂಕಾಗಿರುತ್ತವೆ. ಕೆಲವು ಥೀಮ್‌ಗಳಲ್ಲಿ ಈ ವ್ಯತ್ಯಾಸ ತುಂಬಾ ಕಡಿಮೆ. ನಿಮ್ಮ ಥೀಮ್ ಹಾಗಿದ್ದರೆ ಬದಲಿಸಿ ನೋಡಿ ಅನ್ನುವುದು ನನ್ನ ಸಲಹೆ. ದಿನಕ್ಕೆ ಎಂಟು ಗಂಟೆ ನೋಡುವ ಪರದೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

ಪ್ರಿವ್ಯೂ ಟ್ಯಾಬ್: ಒಂದು ಫೈಲ್ ಇನ್ನೊಂದರ ಜಾಗ ಕಸಿಯುವುದು

ಹೊಸದಾಗಿ ವಿಎಸ್ ಕೋಡ್ ಬಳಸುವವರು ಜಾಸ್ತಿ ಕೇಳುವ ಪ್ರಶ್ನೆ ಇದು. "ಈಗ ತಾನೇ ತೆರೆದ ಫೈಲ್ ಎಲ್ಲಿ ಹೋಯಿತು?"

ಎಕ್ಸ್‌ಪ್ಲೋರರ್‌ನಲ್ಲಿ ಒಂದೇ ಸಲ ಕ್ಲಿಕ್ ಮಾಡಿದರೆ ಫೈಲ್ ಪ್ರಿವ್ಯೂ ರೂಪದಲ್ಲಿ ತೆರೆಯುತ್ತದೆ. ಟ್ಯಾಬ್‌ನ ಹೆಸರು ಓರೆ ಅಕ್ಷರಗಳಲ್ಲಿ ಇದ್ದರೆ ಅದು ಪ್ರಿವ್ಯೂ ಅಂತ ಅರ್ಥ. ಇನ್ನೊಂದು ಫೈಲ್ ಕ್ಲಿಕ್ ಮಾಡಿದ ತಕ್ಷಣ ಅದೇ ಟ್ಯಾಬ್‌ನಲ್ಲಿ ಆ ಫೈಲ್ ಬರುತ್ತದೆ, ಹಳೆಯದು ಹೋಗುತ್ತದೆ. ಹತ್ತಾರು ಫೈಲ್‌ಗಳನ್ನು ಇಣುಕಿ ನೋಡುವಾಗ ಟ್ಯಾಬ್‌ಗಳ ರಾಶಿ ಬೀಳಬಾರದು ಅಂತ ಹೀಗೆ ಮಾಡಿದ್ದಾರೆ.

ಫೈಲ್ ಅಲ್ಲೇ ಉಳಿಯಬೇಕು ಅಂದರೆ ಎಕ್ಸ್‌ಪ್ಲೋರರ್‌ನಲ್ಲಿ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಆಗಲೇ ತೆರೆದಿದ್ದರೆ ಟ್ಯಾಬ್‌ನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೂ ಸಾಕು. ಕಂಟ್ರೋಲ್ ಕೆ ಒತ್ತಿ ಬಿಟ್ಟು ಎಂಟರ್ ಒತ್ತಿದರೂ ಆಗುತ್ತದೆ. ಫೈಲ್‌ನಲ್ಲಿ ಒಂದಕ್ಷರ ತಿದ್ದಿದರೂ ಅದು ಪ್ರಿವ್ಯೂ ಆಗಿ ಉಳಿಯುವುದಿಲ್ಲ.

ಈ ವ್ಯವಸ್ಥೆಯೇ ಬೇಡ ಅನ್ನಿಸಿದರೆ:

1. ಕಂಟ್ರೋಲ್ ಜೊತೆ ಕಾಮಾ ಒತ್ತಿ ಸೆಟ್ಟಿಂಗ್ಸ್ ತೆರೆಯಿರಿ.
2. ಮೇಲಿನ ಹುಡುಕು ಪೆಟ್ಟಿಗೆಯಲ್ಲಿ ಎನೇಬಲ್ ಪ್ರಿವ್ಯೂ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ.
3. ವರ್ಕ್‌ಬೆಂಚ್ ಎಡಿಟರ್ ಎಂಬ ಗುಂಪಿನಲ್ಲಿ ಕಾಣುವ ಎನೇಬಲ್ ಪ್ರಿವ್ಯೂ ಮುಂದಿನ ಟಿಕ್ ತೆಗೆಯಿರಿ.

ಅದರ ಜೊತೆಗೇ ಎನೇಬಲ್ ಪ್ರಿವ್ಯೂ ಫ್ರಮ್ ಕ್ವಿಕ್ ಓಪನ್ ಅಂತ ಇನ್ನೊಂದು ಆಯ್ಕೆ ಕಾಣುತ್ತದೆ. ಕಂಟ್ರೋಲ್ ಪಿ ಒತ್ತಿ ಹೆಸರಿನಿಂದ ಹುಡುಕಿ ತೆರೆಯುವ ಫೈಲ್‌ಗಳಿಗೆ ಅದು ಸಂಬಂಧಿಸಿದ್ದು. ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ.

ನನ್ನ ಅಭಿಪ್ರಾಯದಲ್ಲಿ ಪ್ರಿವ್ಯೂ ಆಫ್ ಮಾಡುವುದು ಬೇಡ. ಎರಡು ಸಲ ಕ್ಲಿಕ್ ಮಾಡುವ ಅಭ್ಯಾಸ ಒಂದೆರಡು ದಿನದಲ್ಲಿ ಬರುತ್ತದೆ. ಪ್ರಿವ್ಯೂ ತೆಗೆದರೆ ಸಂಜೆ ಹೊತ್ತಿಗೆ 40 ಟ್ಯಾಬ್ ತೆರೆದುಕೊಂಡು ಕೂತಿರುತ್ತವೆ. ಸುಮ್ನೆ ಕೈ ತಾಗಿದರೂ ಫೈಲ್ ತೆರೆದುಕೊಳ್ಳುತ್ತದೆ ಅನ್ನುವುದು ನಿಮ್ಮ ತೊಂದರೆಯಾದರೆ ಬೇರೆ ಸೆಟ್ಟಿಂಗ್ ಇದೆ. ಓಪನ್ ಮೋಡ್ ಅಂತ ಹುಡುಕಿ, ವರ್ಕ್‌ಬೆಂಚ್ ಲಿಸ್ಟ್ ಗುಂಪಿನಲ್ಲಿರುವುದನ್ನು ಡಬಲ್ ಕ್ಲಿಕ್‌ಗೆ ಬದಲಿಸಿ. ಟಚ್‌ಪ್ಯಾಡ್ ಮೇಲೆ ಕೆಲಸ ಮಾಡುವವರಿಗೆ ಇದು ನಿಜಕ್ಕೂ ಆರಾಮ.

ಪಕ್ಕದಲ್ಲಿ ತೆರೆಯುವುದು

ಪರಿಷೆಯ ಉದಾಹರಣೆಗೆ ಬರೋಣ. ಇಂಗ್ಲಿಷ್ ಜೇಸನ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆಯಿರಿ. ಈಗ ಕನ್ನಡದ್ದು ಅದರ ಪಕ್ಕದಲ್ಲಿ ಬೇಕು. ಅದಕ್ಕೆ ಹಲವು ದಾರಿಗಳಿವೆ.

ಎಕ್ಸ್‌ಪ್ಲೋರರ್‌ನಲ್ಲಿ ಆ ಫೈಲ್ ಮೇಲೆ ಬಲ ಕ್ಲಿಕ್ ಮಾಡಿ ಓಪನ್ ಟು ದ ಸೈಡ್ ಆರಿಸಬಹುದು. ಅಥವಾ ಆಲ್ಟ್ ಕೀ ಹಿಡಿದು ಕ್ಲಿಕ್ ಮಾಡಬಹುದು. ಮ್ಯಾಕ್‌ನಲ್ಲಿ ಅದು ಆಪ್ಷನ್ ಕೀ. ಕೆಲವು ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಆಲ್ಟ್ ಹಿಡಿದು ಕ್ಲಿಕ್ ಮಾಡಿದರೆ ಇಡೀ ವಿಂಡೋ ಜರುಗುತ್ತದೆ. ಅಲ್ಲಿ ಕೀಬೋರ್ಡ್ ದಾರಿಯೇ ವಾಸಿ. ಫೈಲ್ ಆರಿಸಿ ಕಂಟ್ರೋಲ್ ಜೊತೆ ಎಂಟರ್ ಒತ್ತಿ. ಮ್ಯಾಕ್‌ನಲ್ಲೂ ಇದಕ್ಕೆ ಕಂಟ್ರೋಲ್ ಕೀಯೇ, ಕಮಾಂಡ್ ಅಲ್ಲ.

ಕಂಟ್ರೋಲ್ ಪಿ ಪಟ್ಟಿಯಲ್ಲೂ ಇದೇ ಉಪಾಯ ನಡೆಯುತ್ತದೆ. ಹೆಸರು ಟೈಪ್ ಮಾಡಿ ಬರೀ ಎಂಟರ್ ಒತ್ತಿದರೆ ಚಾಲ್ತಿ ಗ್ರೂಪ್‌ನಲ್ಲಿ ತೆರೆಯುತ್ತದೆ. ಕಂಟ್ರೋಲ್ ಸೇರಿಸಿ ಎಂಟರ್ ಒತ್ತಿದರೆ ಪಕ್ಕದಲ್ಲಿ ತೆರೆಯುತ್ತದೆ. ಬಲಬಾಣ ಒತ್ತಿದರೆ ಪಟ್ಟಿ ಮುಚ್ಚದೆ ಹಿಂದೆಯೇ ಫೈಲ್ ತೆರೆದುಕೊಳ್ಳುತ್ತದೆ. ಒಟ್ಟಿಗೆ ನಾಲ್ಕೈದು ಫೈಲ್ ತೆರೆಯುವಾಗ ಇದು ತುಂಬಾ ಅನುಕೂಲ.

ಇಲ್ಲಿ ಎಡವುವ ಜಾಗ ಒಂದಿದೆ, ಗಮನಿಸಿ. ಪಕ್ಕ ಅಂದರೆ ಯಾವ ಪಕ್ಕ? ಚಾಲ್ತಿ ಗ್ರೂಪ್‌ನ ಬಲಕ್ಕೆ ಇನ್ನೊಂದು ಗ್ರೂಪ್ ಇದ್ದರೆ ಫೈಲ್ ಅದರೊಳಗೆ ಹೋಗುತ್ತದೆ. ಬಲಕ್ಕೆ ಏನೂ ಇಲ್ಲದಿದ್ದರೆ ಹೊಸ ಗ್ರೂಪ್ ಹುಟ್ಟುತ್ತದೆ. ನೀವು ಎಡಗಡೆಯ ಇಂಗ್ಲಿಷ್ ಫೈಲ್‌ನಲ್ಲಿದ್ದು ಪಕ್ಕದಲ್ಲಿ ತೆರೆದರೆ ಫೈಲ್ ಸರಿಯಾಗಿ ಬಲಗಡೆಗೆ ಬರುತ್ತದೆ. ಬಲಗಡೆಯ ಕನ್ನಡ ಫೈಲ್‌ನಲ್ಲಿದ್ದು ಅದನ್ನೇ ಮಾಡಿದರೆ ಮೂರನೇ ಕಾಲಂ ಎದ್ದು ನಿಲ್ಲುತ್ತದೆ. 14 ಇಂಚಿನ ಲ್ಯಾಪ್‌ಟಾಪ್‌ನಲ್ಲಿ ಮೂರು ಕಾಲಂ ಬಂದರೆ ಕನ್ನಡ ಸಾಲುಗಳು ಓದಲಾಗದಷ್ಟು ಇಕ್ಕಟ್ಟಾಗುತ್ತವೆ. ಇದು ತಾನಾಗಿ ಆಯಿತು ಅಂತ ಅನ್ನಿಸುತ್ತದೆ. ಆದರೆ ಇದರ ಹಿಂದಿರುವುದು ಮೇಲೆ ಹೇಳಿದ ನಿಯಮವೇ. ಎಲ್ಲವೂ ಕೊನೆಗೆ ನಿಂತಿದ್ದ ಗ್ರೂಪ್‌ನಿಂದ ಲೆಕ್ಕ.

ಹೊಸ ಗ್ರೂಪ್ ಬಲಕ್ಕೆ ಬೇಡ, ಕೆಳಗೆ ಬರಲಿ ಅನ್ನುವವರು ಓಪನ್ ಸೈಡ್ ಬೈ ಸೈಡ್ ಡೈರೆಕ್ಷನ್ ಎಂಬ ಸೆಟ್ಟಿಂಗ್ ಹುಡುಕಿ ರೈಟ್ ಇದ್ದದ್ದನ್ನು ಡೌನ್ ಮಾಡಿ. ಉದ್ದ ಸಾಲುಗಳ ಪಠ್ಯ ಇದ್ದಾಗ ಮೇಲೆ ಕೆಳಗೆ ಇಟ್ಟುಕೊಂಡರೆ ಹೋಲಿಸಲು ಸುಲಭ. ಪರಿಷೆಯ ಜೇಸನ್ ಫೈಲ್‌ಗಳಿಗೆ ನಾನಾದರೆ ಹೀಗೇ ಮಾಡುತ್ತೇನೆ.

ಎಳೆದು ಬಿಡುವುದು

ಎಕ್ಸ್‌ಪ್ಲೋರರ್‌ನಿಂದ ಫೈಲ್ ಎಳೆದು ಒಂದು ಗ್ರೂಪ್‌ನ ನಡುವೆ ಬಿಟ್ಟರೆ ಅಲ್ಲೇ ತೆರೆಯುತ್ತದೆ. ಅಂಚಿನ ಹತ್ತಿರ ಬಿಟ್ಟರೆ ಆ ಬದಿಗೆ ಹೊಸ ಗ್ರೂಪ್ ಆಗುತ್ತದೆ. ಎಳೆಯುವಾಗ ಬಣ್ಣದ ಪರದೆ ಎಷ್ಟು ಜಾಗ ಆವರಿಸುತ್ತದೆ ನೋಡಿ, ಫೈಲ್ ಅಷ್ಟರಲ್ಲೇ ಕೂರುತ್ತದೆ. ಶಿಫ್ಟ್ ಹಿಡಿದು ಬಿಟ್ಟರೆ ಮಾತ್ರ ಫೈಲ್ ತೆರೆಯುವ ಬದಲು ಅದು ಎಲ್ಲಿದೆ ಎಂದು ಹೇಳುವ ವಿಳಾಸ (ಪಾತ್) ಪಠ್ಯದಲ್ಲಿ ಸೇರಿಕೊಳ್ಳುತ್ತದೆ.

ತಪ್ಪು ಜಾಗದಲ್ಲಿ ತೆರೆದ ಫೈಲ್ ಅನ್ನು ಮುಚ್ಚಿ ಮತ್ತೆ ತೆರೆಯಬೇಕಿಲ್ಲ. ಟ್ಯಾಬ್ ಹಿಡಿದು ಸರಿಯಾದ ಗ್ರೂಪ್‌ಗೆ ಎಳೆಯಿರಿ. ಅಥವಾ ಕಂಟ್ರೋಲ್, ಆಲ್ಟ್ ಜೊತೆ ಬಲಬಾಣ ಒತ್ತಿದರೆ ಮುಂದಿನ ಗ್ರೂಪ್‌ಗೆ, ಎಡಬಾಣ ಒತ್ತಿದರೆ ಹಿಂದಿನದಕ್ಕೆ ಜರುಗುತ್ತದೆ. ಮ್ಯಾಕ್‌ನಲ್ಲಿ ಕಂಟ್ರೋಲ್, ಕಮಾಂಡ್ ಜೊತೆ ಬಾಣ.

ಗ್ರೂಪ್‌ಗೆ ಬೀಗ: ಇದನ್ನು ಮಾತ್ರ ಬಿಡಬೇಡಿ

ಈ ಇಡೀ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಡುತ್ತೀರಿ ಅಂದರೆ ಅದು ಲಾಕ್ ಗ್ರೂಪ್ ಆಗಿರಲಿ. ಎಷ್ಟು ಎಚ್ಚರದಿಂದ ಕಂಟ್ರೋಲ್ 1, ಕಂಟ್ರೋಲ್ 2 ಒತ್ತಿದರೂ ಕೆಲಸದ ಭರದಲ್ಲಿ ಒಮ್ಮೆಯಾದರೂ ಮರೆಯುತ್ತೇವೆ. ಬೀಗ ಹಾಕಿದರೆ ಮರೆತರೂ ತೊಂದರೆ ಇಲ್ಲ. ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಸೀಟಿಗೆ ಕರ್ಚೀಫ್ ಹಾಕಿದ ಹಾಗೆ, ಆ ಜಾಗ ನಿಮ್ಮದೇ.

ಹೀಗೆ ಮಾಡಿ:

1. ಯಾರೂ ಮುಟ್ಟಬಾರದು ಅನ್ನುವ ಫೈಲ್ ಇರುವ ಗ್ರೂಪ್‌ಗೆ ಹೋಗಿ. ನಮ್ಮ ಉದಾಹರಣೆಯಲ್ಲಿ ಅದು ಎಡಗಡೆಯ ಇಂಗ್ಲಿಷ್ ಜೇಸನ್.
2. ಆ ಗ್ರೂಪ್‌ನ ಬಲ ಮೇಲ್ತುದಿಯಲ್ಲಿ ಮೂರು ಚುಕ್ಕಿಗಳಿವೆ. ಅವುಗಳ ಮೇಲೆ ಕ್ಲಿಕ್ ಮಾಡಿ.
3. ಲಾಕ್ ಗ್ರೂಪ್ ಆರಿಸಿ. ಅದೇ ಮೂಲೆಯಲ್ಲಿ ಪುಟ್ಟ ಬೀಗದ ಗುರುತು ಕಾಣಿಸುತ್ತದೆ.

ಬೀಗ ತೆಗೆಯಬೇಕಾದರೆ ಆ ಗುರುತಿನ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಸಾಕು. ಕೀಬೋರ್ಡ್ ಇಷ್ಟಪಡುವವರು ಕಂಟ್ರೋಲ್, ಶಿಫ್ಟ್, ಪಿ ಒತ್ತಿ ಕಮಾಂಡ್ ಪ್ಯಾಲೆಟ್ (ಎಡಿಟರ್‌ನ ಕಮಾಂಡ್‌ಗಳನ್ನು ಹುಡುಕುವ ಪಟ್ಟಿ) ತೆರೆದು ಎಡಿಟರ್ ಗ್ರೂಪ್ ಲಾಕ್ ಅಂತ ಹುಡುಕಬಹುದು. ಪದೇ ಪದೇ ಬೇಕಾಗುವವರು ಅಲ್ಲಿಂದಲೇ ಅದಕ್ಕೊಂದು ಶಾರ್ಟ್‌ಕಟ್ ಕೊಟ್ಟುಕೊಳ್ಳಿ.

ಬೀಗ ಬಿದ್ದ ಮೇಲೆ ಏನಾಗುತ್ತದೆ? ಕರ್ಸರ್ ಅದೇ ಗ್ರೂಪ್‌ನಲ್ಲಿದ್ದರೂ ಎಕ್ಸ್‌ಪ್ಲೋರರ್‌ನಿಂದ ಹೊಸ ಫೈಲ್ ಅಲ್ಲಿ ತೆರೆಯುವುದಿಲ್ಲ. ಬೀಗವಿಲ್ಲದ ಗ್ರೂಪ್‌ಗಳಲ್ಲಿ ನೀವು ಇತ್ತೀಚೆಗೆ ಬಳಸಿದ್ದು ಯಾವುದೋ ಅಲ್ಲಿಗೆ ಹೋಗುತ್ತದೆ. ಅಂಥ ಗ್ರೂಪ್ ಒಂದೂ ಇಲ್ಲದಿದ್ದರೆ ಪಕ್ಕದಲ್ಲಿ ಹೊಸದೊಂದು ತೆರೆಯುತ್ತದೆ. ಇದು ಅನಿರೀಕ್ಷಿತವಾಗಿ ಕಾಲಂ ಹೆಚ್ಚಾಗುವುದಕ್ಕೆ ಇನ್ನೊಂದು ಕಾರಣ. ಎರಡು ಗ್ರೂಪ್ ಇದ್ದು ಎರಡಕ್ಕೂ ಬೀಗ ಹಾಕಿದರೆ ಮೂರನೆಯದು ಬರಲೇಬೇಕು ಅಲ್ವಾ? ಹಾಗಾಗಿ ಬಂದು ಹೋಗುವ ಫೈಲ್‌ಗಳಿಗೆ ಒಂದು ಗ್ರೂಪ್ ಬೀಗವಿಲ್ಲದೆ ಇರಲಿ.

ಪಕ್ಕದಲ್ಲಿ ತೆರೆಯುವಾಗಲೂ ಬೀಗಕ್ಕೆ ಬೆಲೆ ಇದೆ. ಬಲಗಡೆಯ ಗ್ರೂಪ್‌ಗೆ ಬೀಗ ಇದ್ದರೆ ಫೈಲ್ ಅದರೊಳಗೆ ನುಗ್ಗದೆ ನಡುವೆ ಹೊಸ ಗ್ರೂಪ್ ಮಾಡಿಕೊಳ್ಳುತ್ತದೆ. ಆದರೆ ನೀವೇ ಕೈಯಾರೆ ಎಳೆದು ತಂದು ಬಿಟ್ಟರೆ ಬೀಗ ತಡೆಯುವುದಿಲ್ಲ. ಇದು ಸರಿಯಾದ ನಡೆಯೇ. ಬೇಕಂತಲೇ ತಂದಿಟ್ಟ ಫೈಲ್‌ಗೆ ಅಡ್ಡಿ ಯಾಕೆ? ಹಾಗೆಯೇ ಕ್ಲಿಕ್ ಮಾಡಿದ ಫೈಲ್ ಆ ಬೀಗ ಹಾಕಿದ ಚಾಲ್ತಿ ಗ್ರೂಪ್‌ನಲ್ಲಿ ಆಗಲೇ ತೆರೆದಿದ್ದರೆ ಬೇರೆ ಕಡೆ ಹೋಗದೆ ಅಲ್ಲೇ ಮುಂದೆ ಬರುತ್ತದೆ.

ಎಡಿಟರ್ ಮುಚ್ಚಿ ಮರುದಿನ ತೆರೆದರೂ ಬೀಗ ಹಾಗೇ ಇರುತ್ತದೆ. ಖಾಲಿ ಗ್ರೂಪ್‌ಗೂ ಬೀಗ ಹಾಕಬಹುದು. ನಾನು ಮೆಚ್ಚುವ ಜೋಡಣೆ ಇದು: ಎಡಗಡೆ ಮೂಲ ಪಠ್ಯ, ಅದಕ್ಕೆ ಬೀಗ. ಬಲಗಡೆ ಮೇಲ್ಭಾಗದಲ್ಲಿ ಅನುವಾದ, ಅದಕ್ಕೂ ಬೀಗ. ಬಲಗಡೆ ಕೆಳಭಾಗ ಮುಕ್ತ. ಎಚ್‌ಟಿಎಂಎಲ್, ಸಿಎಸ್‌ಎಸ್, ಇನ್ನೇನೇ ಕ್ಲಿಕ್ ಮಾಡಿದರೂ ಆ ಕೆಳಭಾಗದಲ್ಲೇ ಬಂದು ಹೋಗುತ್ತವೆ. ಎರಡು ಪಠ್ಯಗಳು ಅಲುಗಾಡುವುದೇ ಇಲ್ಲ.

ಆಟೋ ಲಾಕ್ ಗ್ರೂಪ್ಸ್ ಅಂತಲೂ ಒಂದು ಸೆಟ್ಟಿಂಗ್ ಇದೆ. ಕೆಲವು ಬಗೆಯ ಪುಟಗಳು ತೆರೆದಾಗ ಗ್ರೂಪ್‌ಗೆ ತಾನಾಗಿಯೇ ಬೀಗ ಬೀಳುವಂತೆ ಮಾಡುವುದು ಅದರ ಕೆಲಸ. ಎಡಿಟರ್ ಜಾಗದಲ್ಲಿ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದರೆ ಮೊದಲಿನಿಂದಲೇ ಹೀಗಾಗುತ್ತದೆ. ಮಾರ್ಕ್‌ಡೌನ್‌ನಲ್ಲಿ ಬರೆಯುವವರು ಆ ಪಟ್ಟಿಯಲ್ಲಿ ಮಾರ್ಕ್‌ಡೌನ್ ಪ್ರಿವ್ಯೂಗೂ ಟಿಕ್ ಹಾಕಿಕೊಳ್ಳಿ.

ಒಂದೇ ಫೈಲ್ ಎರಡು ಕಡೆ ತೆರೆಯುತ್ತಿದ್ದರೆ

ಕನ್ನಡ ಜೇಸನ್ ಬಲಗಡೆ ಆಗಲೇ ತೆರೆದಿದೆ. ನೀವು ಎಡಗಡೆ ಇದ್ದೀರಿ. ಎಕ್ಸ್‌ಪ್ಲೋರರ್‌ನಲ್ಲಿ ಅದೇ ಕನ್ನಡ ಜೇಸನ್ ಕ್ಲಿಕ್ ಮಾಡಿದರೆ ಅದು ಎಡಗಡೆಯೂ ತೆರೆದುಕೊಳ್ಳುತ್ತದೆ. ಎರಡರಲ್ಲೂ ಇರುವುದು ಒಂದೇ ಫೈಲ್. ಒಂದರಲ್ಲಿ ತಿದ್ದಿದರೆ ಇನ್ನೊಂದರಲ್ಲೂ ಬದಲಾಗುತ್ತದೆ. ಆದರೂ ಕಣ್ಣಿಗೆ ಗೊಂದಲ.

ಸೆಟ್ಟಿಂಗ್ಸ್‌ನಲ್ಲಿ ರಿವೀಲ್ ಇಫ್ ಓಪನ್ ಹುಡುಕಿ ಟಿಕ್ ಹಾಕಿ. ಆಮೇಲೆ ಫೈಲ್ ಎಲ್ಲಾದರೂ ತೆರೆದಿದ್ದರೆ ಎಡಿಟರ್ ನಿಮ್ಮನ್ನೇ ಅಲ್ಲಿಗೆ ಕರೆದುಕೊಂಡು ಹೋಗುತ್ತದೆ. ಪಕ್ಕದಲ್ಲೇ ತೆರೆ ಅಂತ ನೀವು ಖಚಿತವಾಗಿ ಹೇಳಿದಾಗ ಮಾತ್ರ ಈ ಸೆಟ್ಟಿಂಗ್ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಫೈಲ್‌ನ ಮೇಲ್ಭಾಗ, ಕೆಳಭಾಗ ಎರಡನ್ನೂ ಒಟ್ಟಿಗೆ ನೋಡಬೇಕಾದಾಗ ಕಂಟ್ರೋಲ್ ಜೊತೆ ಹಿಂದೆ ವಾಲಿದ ಗೆರೆಯ (ಬ್ಯಾಕ್‌ಸ್ಲ್ಯಾಷ್) ಕೀ ಒತ್ತಿ. ಚಾಲ್ತಿ ಫೈಲ್ ಎರಡು ಗ್ರೂಪ್‌ಗಳಲ್ಲಿ ಕಾಣುತ್ತದೆ.

ಆಫೀಸ್‌ನಲ್ಲಿ ಎರಡು ಮಾನಿಟರ್, ಮನೆಯಲ್ಲಿ ಒಂದೇ ಪರದೆ

ವೈಟ್‌ಫೀಲ್ಡ್ ಕಡೆ ಆಫೀಸ್‌ನಲ್ಲಿ ದೊಡ್ಡ ಮಾನಿಟರ್ ಪಕ್ಕಕ್ಕೆ ಕೂರುತ್ತೀರಿ. ಮನೆಗೆ ಬಂದರೆ ಊಟದ ಮೇಜಿನ ಮೇಲೆ ಬರೀ ಲ್ಯಾಪ್‌ಟಾಪ್. ಎರಡಕ್ಕೂ ಒಂದೇ ಜೋಡಣೆ ಹೊಂದುವುದಿಲ್ಲ.

2023ರ ನವೆಂಬರ್ ಆವೃತ್ತಿಯಿಂದ, ಅಂದರೆ 1.85ರಿಂದ, ವಿಎಸ್ ಕೋಡ್‌ನಲ್ಲಿ ತೇಲುವ ವಿಂಡೋಗಳು ಬಂದಿವೆ. ಒಂದು ಟ್ಯಾಬ್ ಹಿಡಿದು ಎಡಿಟರ್‌ನಿಂದ ಆಚೆಗೆ ಎಳೆದು ಬಿಡಿ. ಅದು ಬೇರೆ ವಿಂಡೋ ಆಗಿ ನಿಲ್ಲುತ್ತದೆ. ಅದನ್ನು ಎರಡನೇ ಮಾನಿಟರ್‌ಗೆ ತೆಗೆದುಕೊಂಡು ಹೋಗಿ. ಟ್ಯಾಬ್ ಮೇಲೆ ಬಲ ಕ್ಲಿಕ್ ಮಾಡಿದರೂ ಹೊಸ ವಿಂಡೋಗೆ ಜರುಗಿಸುವ ಆಯ್ಕೆ ಸಿಗುತ್ತದೆ. ಕಂಟ್ರೋಲ್ ಕೆ ಒತ್ತಿ ಬಿಟ್ಟು ಓ ಒತ್ತಿದರೆ ಅದೇ ಫೈಲ್ ಹೊಸ ವಿಂಡೋದಲ್ಲೂ ತೆರೆಯುತ್ತದೆ, ಇದ್ದದ್ದು ಇದ್ದಲ್ಲೇ ಇರುತ್ತದೆ.

ತೇಲುವ ವಿಂಡೋದೊಳಗೂ ಗ್ರೂಪ್‌ಗಳಿರುತ್ತವೆ. ಅಲ್ಲೂ ಬೀಗ ಹಾಕಬಹುದು, ಹಾಕಿಬಿಡಿ. ಎರಡನೇ ಮಾನಿಟರ್‌ನಲ್ಲಿ ಮೂಲ ಪಠ್ಯ ಇಟ್ಟು ಬೀಗ ಹಾಕಿದರೆ ಮುಖ್ಯ ಪರದೆ ಪೂರ್ತಿ ಅನುವಾದಕ್ಕೆ ಸಿಗುತ್ತದೆ. ಮನೆಗೆ ಹೊರಡುವ ಮುನ್ನ ಆ ಟ್ಯಾಬ್ ಹಿಡಿದು ಮುಖ್ಯ ವಿಂಡೋಗೆ ವಾಪಸ್ ಎಳೆದುಕೊಳ್ಳಿ.

ಹೊರಗಿನಿಂದ ತೆರೆಯುವ ಫೈಲ್

ಫೈಲ್ ಮ್ಯಾನೇಜರ್‌ನಲ್ಲಿ ಕ್ಲಿಕ್ ಮಾಡಿದಾಗ ಅಥವಾ ಟರ್ಮಿನಲ್‌ನಿಂದ ತೆರೆದಾಗ ಯಾವ ವಿಂಡೋ ಬಳಸಬೇಕು ಅನ್ನುವುದಕ್ಕೆ ಬೇರೆ ಎರಡು ಸೆಟ್ಟಿಂಗ್‌ಗಳಿವೆ. ಓಪನ್ ಫೈಲ್ಸ್ ಇನ್ ನ್ಯೂ ವಿಂಡೋ ಮೊದಲನೆಯದು. ಅದು ಸಾಮಾನ್ಯವಾಗಿ ಆಫ್ ಇರುತ್ತದೆ. ಆಗ ಆ ಫೈಲ್‌ನ ಫೋಲ್ಡರ್ ತೆರೆದಿರುವ ವಿಂಡೋ ಇದ್ದರೆ ಅಲ್ಲಿಗೆ, ಇಲ್ಲವಾದರೆ ಕೊನೆಗೆ ಬಳಸಿದ ವಿಂಡೋಗೆ ಫೈಲ್ ಹೋಗುತ್ತದೆ. ಆನ್ ಮಾಡಿದರೆ ಪ್ರತಿ ಸಲ ಹೊಸ ವಿಂಡೋ. ಓಪನ್ ಫೋಲ್ಡರ್ಸ್ ಇನ್ ನ್ಯೂ ವಿಂಡೋ ಎರಡನೆಯದು. ಹೊಸ ಫೋಲ್ಡರ್ ತೆರೆದಾಗ ಹಳೆಯ ಪ್ರಾಜೆಕ್ಟ್ ಕಣ್ಮರೆಯಾಗುತ್ತದೆ ಎನ್ನುವವರು ಇದನ್ನು ಆನ್ ಮಾಡಿಕೊಳ್ಳಿ.

ಟರ್ಮಿನಲ್‌ನಲ್ಲಿ ಕೋಡ್ ಎಂಬ ಕಮಾಂಡ್ ಕೊಡುವಾಗ ಹೈಫನ್ ಮತ್ತು ಆರ್ ಸೇರಿಸಿದರೆ ಇರುವ ವಿಂಡೋದಲ್ಲೇ ತೆರೆಯುತ್ತದೆ. ಹೈಫನ್ ಮತ್ತು ಎನ್ ಸೇರಿಸಿದರೆ ಹೊಸ ವಿಂಡೋದಲ್ಲಿ.

ವಿಮ್ ಬಳಸುವವರಿಗೆ

ವಿಮ್‌ನಲ್ಲಿ ವಿಂಡೋ ಅಂದರೆ ಪರದೆಯ ಒಂದು ಭಾಗ. ವಿಎಸ್ ಕೋಡ್‌ನ ಗ್ರೂಪ್‌ಗೆ ಹತ್ತಿರದ್ದು ಇದೇ. ವಿಮ್‌ನ ಜೊತೆಯಲ್ಲೇ ಬರುವ ಫೈಲ್ ಬ್ರೌಸರ್‌ಗೆ ನೆಟ್‌ಆರ್‌ಡಬ್ಲ್ಯೂ ಎಂದು ಹೆಸರು. ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಸೇರಿಸುವ ತಂತ್ರಾಂಶ) ಹಾಕಲು ಅನುಮತಿ ಇಲ್ಲದ ಸರ್ವರ್‌ನಲ್ಲೂ ಸಾಮಾನ್ಯವಾಗಿ ಇದು ಇರುತ್ತದೆ. ಅದಕ್ಕೇ ಇದನ್ನು ಕಲಿಯಿರಿ ಎನ್ನುತ್ತೇನೆ.

ಕೋಲನ್ ಒತ್ತಿ ಎಕ್ಸ್‌ಪ್ಲೋರ್ ಎಂದು ಟೈಪ್ ಮಾಡಿ. ಮೊದಲ ಅಕ್ಷರ ದೊಡ್ಡದಿರಲಿ. ಈಗಿರುವ ವಿಂಡೋದಲ್ಲೇ ಫೈಲ್‌ಗಳ ಪಟ್ಟಿ ಬರುತ್ತದೆ. ಬೇಕಾದ ಫೈಲ್ ಮೇಲೆ ಕರ್ಸರ್ ಇಟ್ಟು ಎಂಟರ್ ಒತ್ತಿದರೆ ಪಟ್ಟಿ ಇದ್ದ ಜಾಗದಲ್ಲೇ ಫೈಲ್ ತೆರೆಯುತ್ತದೆ. ಬೇರೆ ಕಡೆ ಬೇಕಿದ್ದರೆ ಎಂಟರ್ ಬದಲು ಬೇರೆ ಕೀ:

- ಸಣ್ಣ ಅಕ್ಷರದ ಓ ಒತ್ತಿದರೆ ಪರದೆ ಮೇಲೆ ಕೆಳಗೆ ಸೀಳಿ ಹೊಸ ವಿಂಡೋ
- ವಿ ಒತ್ತಿದರೆ ಅಕ್ಕಪಕ್ಕ ಸೀಳಿ ಹೊಸ ವಿಂಡೋ
- ಟಿ ಒತ್ತಿದರೆ ಹೊಸ ಟ್ಯಾಬ್
- ಸಣ್ಣ ಪಿ ಒತ್ತಿದರೆ ಬರೀ ಇಣುಕುನೋಟ
- ದೊಡ್ಡ ಪಿ ಒತ್ತಿದರೆ ಇದಕ್ಕೂ ಮುಂಚೆ ನೀವಿದ್ದ ವಿಂಡೋ

ಕೊನೆಯದನ್ನು ಕೈಗೆ ರೂಢಿ ಮಾಡಿಕೊಳ್ಳಿ. ಹಿಂದಿನ ವಿಂಡೋದಲ್ಲಿ ಉಳಿಸದ ತಿದ್ದುಪಡಿ ಇದ್ದು, ಆ ಫೈಲ್ ಬೇರೆಲ್ಲೂ ಕಾಣಿಸದಿದ್ದರೆ, ಉಳಿಸಲೇ ಅಂತ ಅದು ಮೊದಲು ಕೇಳುತ್ತದೆ. ಓದದೆ ಉತ್ತರ ಕೊಡಬೇಡಿ.

ಪ್ರತಿ ಸಲ ಕೀ ನೆನಪಿಡುವುದು ಬೇಡ ಅನ್ನುವವರಿಗೆ ನೆಟ್‌ಆರ್‌ಡಬ್ಲ್ಯೂ ಬ್ರೌಸ್ ಸ್ಪ್ಲಿಟ್ ಎಂಬ ವೇರಿಯಬಲ್ ಇದೆ. ವಿಮ್‌ನ ಸೆಟ್ಟಿಂಗ್‌ಗಳಿರುವ ವಿಮ್‌ಆರ್‌ಸಿ ಫೈಲ್‌ನಲ್ಲಿ ಲೆಟ್ ಎಂದು ಬರೆದು, ಜಾಗ ಬಿಟ್ಟು, ಜಿ ಮತ್ತು ಕೋಲನ್ ಹಾಕಿ. ಅದಕ್ಕೆ ಅಂಟಿಸಿ ಈ ಹೆಸರು ಬರೆಯಿರಿ. ಮೂರು ಪದಗಳ ನಡುವೆ ಅಂಡರ್‌ಸ್ಕೋರ್ ಇರಲಿ. ಆಮೇಲೆ ಸಮ ಚಿಹ್ನೆ ಮತ್ತು ಒಂದು ಅಂಕಿ. 0 ಕೊಟ್ಟರೆ ಪಟ್ಟಿ ಇದ್ದ ವಿಂಡೋದಲ್ಲೇ, 1 ಕೊಟ್ಟರೆ ಮೇಲೆ ಕೆಳಗೆ ಸೀಳಿ, 2 ಕೊಟ್ಟರೆ ಅಕ್ಕಪಕ್ಕ ಸೀಳಿ, 3 ಕೊಟ್ಟರೆ ಹೊಸ ಟ್ಯಾಬ್‌ನಲ್ಲಿ, 4 ಕೊಟ್ಟರೆ ಹಿಂದಿನ ವಿಂಡೋದಲ್ಲಿ ತೆರೆಯುತ್ತದೆ. ಪಟ್ಟಿಯನ್ನು ಒಂದು ಬದಿಗೆ ಕಾಯಂ ಇಟ್ಟುಕೊಳ್ಳುವವರಿಗೆ 4 ಸರಿ. 1 ಮತ್ತು 2ರಲ್ಲಿ ಪ್ರತಿ ಫೈಲ್‌ಗೂ ಪರದೆ ಸೀಳುತ್ತಾ ಹೋಗುತ್ತದೆ. ನಾನಂತೂ ಅದನ್ನು ಯಾರಿಗೂ ಹೇಳುವುದಿಲ್ಲ.

ಎಡಬದಿಯ ಪಟ್ಟಿ ಬೇಕಿದ್ದರೆ ಎಕ್ಸ್‌ಪ್ಲೋರ್ ಪದದ ಆರಂಭಕ್ಕೆ ದೊಡ್ಡ ಎಲ್ ಸೇರಿಸಿ, ಉಳಿದದ್ದು ಸಣ್ಣ ಅಕ್ಷರದಲ್ಲಿ. ಇದೇ ಕಮಾಂಡ್ ಮತ್ತೆ ಕೊಟ್ಟರೆ ಪಟ್ಟಿ ಮುಚ್ಚುತ್ತದೆ. ಕೋಲನ್ ಆದ ಮೇಲೆ, ಕಮಾಂಡ್‌ಗೂ ಮೊದಲು 25 ಅಂತ ಹಾಕಿದರೆ ಪರದೆಯ ಕಾಲು ಭಾಗ ಮಾತ್ರ ತೆಗೆದುಕೊಳ್ಳುತ್ತದೆ. ಈ ರೀತಿ ತೆರೆದಾಗ ಫೈಲ್‌ಗಳು 2ನೇ ವಿಂಡೋಗೆ ಹೋಗುತ್ತವೆ. ಪಟ್ಟಿ 1ನೇ ವಿಂಡೋ, ಅದರ ಬಲಕ್ಕಿರುವುದು 2ನೆಯದು. ಮೂರು ವಿಂಡೋ ಇಟ್ಟುಕೊಂಡು ಫೈಲ್ 3ನೆಯದರಲ್ಲಿ ತೆರೆಯಬೇಕು ಅಂದರೆ ಪಟ್ಟಿಯಲ್ಲಿ ನಿಂತು 3 ಒತ್ತಿ, ನಂತರ ದೊಡ್ಡ ಸಿ ಒತ್ತಿ. ಅಲ್ಲಿಂದ ಮುಂದೆ ಎಂಟರ್ ಒತ್ತಿದ ಫೈಲ್‌ಗಳೆಲ್ಲ 3ನೇ ವಿಂಡೋಗೆ. ಇಷ್ಟು ಖಚಿತವಾಗಿ ಜಾಗ ತೋರಿಸುವ ಸೌಲಭ್ಯ ಇದ್ದೂ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಫೈಲ್ ಪಟ್ಟಿ ತೋರಿಸುವ ಇನ್ನೊಂದು ಸಾಧನ ನರ್ಡ್‌ಟ್ರೀ ಪ್ಲಗಿನ್ ಬಳಸುವವರಿಗೆ ಕೀಗಳು ಬೇರೆ. ಅಲ್ಲಿ ಓ ಹಿಂದಿನ ವಿಂಡೋದಲ್ಲಿ ತೆರೆಯುತ್ತದೆ, ಐ ಮೇಲೆ ಕೆಳಗೆ ಸೀಳುತ್ತದೆ, ಎಸ್ ಅಕ್ಕಪಕ್ಕ ಸೀಳುತ್ತದೆ, ಟಿ ಹೊಸ ಟ್ಯಾಬ್. ಎರಡನ್ನೂ ಬಳಸುವವರು ಓ ಕೀ ಬಗ್ಗೆ ಹುಷಾರಾಗಿರಿ.

ಇಷ್ಟಾದರೂ ಸರಿಹೋಗದಿದ್ದರೆ

ವಿಎಸ್ ಕೋಡ್‌ನಲ್ಲಿ ಸೆಟ್ಟಿಂಗ್ ಬದಲಿಸಿಯೂ ಫಲ ಕಾಣದಿದ್ದರೆ ಸೆಟ್ಟಿಂಗ್ಸ್ ಪುಟದ ಮೇಲ್ಭಾಗ ನೋಡಿ. ಯೂಸರ್, ವರ್ಕ್‌ಸ್ಪೇಸ್ ಅಂತ ಎರಡು ಟ್ಯಾಬ್ ಇವೆ. ಯೂಸರ್‌ನಲ್ಲಿ ನೀವು ಮಾಡಿದ್ದನ್ನು ವರ್ಕ್‌ಸ್ಪೇಸ್ ಸೆಟ್ಟಿಂಗ್ ಮೀರಬಲ್ಲದು. ತಂಡದ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಯಾರೋ ಮೊದಲೇ ಬರೆದಿಟ್ಟ ಸೆಟ್ಟಿಂಗ್ಸ್ ಫೈಲ್ ಇರಬಹುದು. ಆ ಒಂದು ಪ್ರಾಜೆಕ್ಟ್‌ನಲ್ಲಿ ಮಾತ್ರ ತೊಂದರೆ ಇದ್ದರೆ ಬಹುತೇಕ ಇದೇ ಕಾರಣ. ಹುಡುಕು ಪೆಟ್ಟಿಗೆಯಲ್ಲಿ ಅಟ್ ಚಿಹ್ನೆ ಹಾಕಿ ಮಾಡಿಫೈಡ್ ಅಂತ ಟೈಪ್ ಮಾಡಿದರೆ ಬದಲಾಗಿರುವ ಸೆಟ್ಟಿಂಗ್‌ಗಳಷ್ಟೇ ಕಾಣುತ್ತವೆ.

ಇದನ್ನೇ ಅನುಕೂಲಕ್ಕೂ ಬಳಸಿಕೊಳ್ಳಬಹುದು. ಅನುವಾದದ ಫೋಲ್ಡರ್‌ನಲ್ಲಿ ಗ್ರೂಪ್ ಕೆಳಗೆ ತೆರೆಯಲಿ, ಕೋಡ್ ಬರೆಯುವ ಫೋಲ್ಡರ್‌ನಲ್ಲಿ ಬಲಕ್ಕೆ ತೆರೆಯಲಿ ಅಂತ ಇದ್ದರೆ ವರ್ಕ್‌ಸ್ಪೇಸ್ ಟ್ಯಾಬ್‌ನಲ್ಲಿ ಬೇರೆ ಬೇರೆ ಇಟ್ಟುಕೊಳ್ಳಿ. ಹೊಸ ವಿಂಡೋಗೆ ಸಂಬಂಧಿಸಿದ ಆ ಎರಡು ಸೆಟ್ಟಿಂಗ್‌ಗಳನ್ನು ಮಾತ್ರ ಹೀಗೆ ಪ್ರಾಜೆಕ್ಟ್‌ಗೊಂದರಂತೆ ಇಡಲು ಬರುವುದಿಲ್ಲ. ಅವು ಇಡೀ ಎಡಿಟರ್‌ಗೆ ಒಂದೇ.